ಹಿಂದಿನ ಸೀಟು

ಗೇಟಿನ ಸದ್ದಾದೊಡನೆ ಭೈರೇಶ್ ಗೋಡೆಯ ಮೇಲಿದ್ದ ಫೋಟೊವನ್ನು ಕಳಚಿ ದಿವಾನದ ಹಿಂದಕ್ಕೆ ತುರುಕಿದ. ಬಂದವರು ಯಾರೇ ಆಗಿರಲಿ, ಅದನ್ನು ನೋಡಿ ಇನ್ನೊಬ್ಬರು ಒಳಗೊಳಗೇ ನಗುವುದು ಅವನಿಗೆ ಬೇಡವಾಗಿತ್ತು. ಹೆಮ್ಮೆಯಿಂದ ಕಟ್ಟು ಹಾಕಿಸಿ ನೇತುಹಾಕಿದವಳು ಹೆಂಡತಿ ಲಿಂಗಮ್ಮ. ಅವಳಿಗೇನು ಗೊತ್ತು, ಪಾಪ!

ಫೋಟೊದಲ್ಲಿದ್ದದ್ದು ವಾಯುಸೇನೆಯ ತರಬೇತಿ ಜೆಟ್. ಒಂದರ ಹಿಂದೊಂದು ಎರಡೇ ಸೀಟು. ಮುಂದಿನದರಲ್ಲಿ ದಪ್ಪ ಮೀಸೆಯ ಯುವಕ. ಹಿಂದಿನದರಲ್ಲಿ ಮಗಳು ಬಿಂದುಶ್ರೀ.

ಮಗಳು ಜೆಟ್ ಹಾರಿಸುತ್ತಾಳೆಂದು ಭೈರೇಶ್ ಗೋವಿಂದರಾಜನಗರದಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಕಾಮಾಕ್ಷಿಪಾಳ್ಯದ ತನ್ನ ಡ್ರೈವಿಂಗ್ ಸ್ಕೂಲಿಗೆ ಬರುವವರನ್ನೂ ಬಿಟ್ಟಿರಲಿಲ್ಲ. ಫೋಟೊ ಬಂದ ದಿನ, ಬೇಕರಿಯ ಮುಂದೆ ಎದುರುಮನೆಯ ರಾಜೇಂದ್ರ ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದ.

"ಏನ್ ಭೈರೇಶಣ್ಣ, ಓಡ್ಸೋನು ಬೇರೆ ಯಾರೋ ಇದಾನೆ! ನಿಮ್ ಹುಡುಗಿ ಬರೀ ಡಬಲ್ಸಾ?"

ಟೀ ಹೀರುತ್ತಿದ್ದವರೆಲ್ಲ ನಕ್ಕರು.

ಭೈರೇಶ್ ಟೀಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ನಡೆದ. ಹೋದ ವರ್ಷ ಅವನೂ ಒಮ್ಮೆ ಮೋಜಿಗೆಂದು ಮೈಕ್ರೋಲೈಟ್ ಏರಿದ್ದ. ಬೈಕಿಗೆ ರೆಕ್ಕೆ ಕಟ್ಟಿದಂಥ ಪುಟ್ಟ ವಿಮಾನ. ಮುಂದೆ ಪೈಲಟ್, ಹಿಂದೆ ಇವನು. ಕಂಬಿ ಹಿಡಿದು ದೇವರನ್ನು ನೆನೆಯುವುದರ ಹೊರತು ಹಿಂದೆ ಕುಳಿತವನಿಗೆ ಬೇರೆ ಕೆಲಸವಿರಲಿಲ್ಲ.

ಮೊನ್ನೆ ರಜೆಗೆ ಬಂದ ಬಿಂದುಶ್ರೀ, "ಅಪ್ಪಾ, ಫೋಟೊ ನೋಡಿದ್ರಾ? ಅದ್ರಲ್ಲಿ ಒಂದ್ ವಿಷ್ಯ ಇದೆ" ಎಂದಳು. ಅವಳ ಸೋಲನ್ನು ಅವಳ ಬಾಯಿಂದಲೇ ಕೇಳಲಾರದೆ, "ಮೊದ್ಲು ಊಟ ಮಾಡು ಕಣಮ್ಮ" ಎಂದು ಮಾತು ತೇಲಿಸಿದ. ಆಮೇಲೆ ಅವಳು ಬಾಯಿ ತೆರೆದಾಗಲೆಲ್ಲ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ.

ಈಗ ಬಾಗಿಲು ತೆರೆದರೆ ಎದುರಿಗೆ ಅದೇ ದಪ್ಪ ಮೀಸೆ. ಕೈಯಲ್ಲಿ ಸ್ವೀಟ್ ಬಾಕ್ಸ್.

"ನಮಸ್ಕಾರ ಅಂಕಲ್, ನಾನು ಗೌತಮ್. ನಮ್ಮನೆ ಇಲ್ಲೇ, ಶ್ರೀಗಂಧದ ಕಾವಲ್. ಮೇಡಂ ಇದಾರಾ?"

ತನ್ನ ಕೈಕೆಳಗೆ ಕಲಿಯುವವಳನ್ನೂ ಮೇಡಂ ಎನ್ನುವ ದೊಡ್ಡತನ! ಭೈರೇಶ್ ಕುಗ್ಗಿಹೋದ. ಒಳಗೆ ಕರೆದು ಕೂರಿಸಿದ. ಅಡುಗೆಮನೆಯಲ್ಲಿ ಬಿಂದುಶ್ರೀ ಕಾಫಿಗೆ ಲೋಟ ಜೋಡಿಸುವ ಸದ್ದು ಕೇಳುತ್ತಿತ್ತು. ಇಂಥ ಸಮಯ ಮತ್ತೆ ಸಿಗದು. ಅವನು ಯುವಕನ ಎರಡೂ ಕೈ ಹಿಡಿದುಕೊಂಡು ದನಿ ತಗ್ಗಿಸಿದ.

"ಸಾರ್, ದೊಡ್ಡ ಮನಸ್ಸು ಮಾಡ್ಬೇಕು. ಒಂದೇ ಒಂದ್ಸಲ ನನ್ ಮಗಳನ್ನ ಮುಂದೆ ಕೂರ್ಸಿ. ಬೀದೀಲಿ ತಲೆ ಎತ್ತೋಕಾಗ್ತಿಲ್ಲ. ಅವಳ ಕೈಲಿ ಆಗಲ್ಲ ಅನ್ನೋದಾದ್ರೆ ಮನೆಗೆ ಕಳ್ಸಿಬಿಡಿ. ನಾನೂ ಇಷ್ಟು ವರ್ಷದಿಂದ ಕಾರ್ ಕಲಿಸ್ತಾ ಇರೋನು ಸಾರ್. ಯಾರ್ ಕಲೀತಾರೆ, ಯಾರ್ ಕಲಿಯಲ್ಲ ಅಂತ ಕೂತಿರೋದ್ ನೋಡೇ ಹೇಳ್ತೀನಿ."

ಲೋಟದ ಸದ್ದು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಬಿಂದುಶ್ರೀ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂಬುದಕ್ಕೆ ಅವಳ ಮುಖವೇ ಸಾಕ್ಷಿಯಾಗಿತ್ತು.

ಅವಳನ್ನು ಕಂಡೊಡನೆ ಗೌತಮ್ ಕೈ ಬಿಡಿಸಿಕೊಂಡು, ಥಟ್ಟನೆ ಎದ್ದು ನೆಟ್ಟಗೆ ನಿಂತ.

"ಅಂಕಲ್, ಮುಂದೆ ಕೂತು ಕಲೀತಾ ಇದ್ದೋನು ನಾನು, ಹಿಂದೆ ಕೂತು ನನಗೆ ಕಲಿಸಿದ್ದು ಮೇಡಂ."