ಸಣ್ಣರಂಗಯ್ಯನ ಡಬ್ಬ

ಸೈಕಲ್ ಪಂದ್ಯ ಗೆದ್ದ ಖಲೀಲುಲ್ಲಾನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದ ಜನ ಅರ್ಧ ಕುಣಿತದಲ್ಲೇ ಕೆಳಗಿಳಿಸಿದರು. ಎರಡನೆಯವನಾಗಿ ಬಂದ ಮಧುಗಿರಿಯ ಗಂಗಹನುಮಯ್ಯ ಶಿರಾ ಮೈದಾನದ ನಡುವೆ ಸೈಕಲ್ ಕೆಡವಿ, ಏದುಸಿರಲ್ಲೇ ಕೂಗಿದ್ದ: “ಅವ್ನು ಮದ್ದು ಕುಡ್ದು ಗೆದ್ದವ್ನೆ! ಬಡವನಹಳ್ಳಿ ತಾವ ಮೋರಿ ಕೆಳಗೆ ಕದ್ದು ಕೂತ್ಕಂಡು ಸೀಸೆ ಎತ್ತಿದ್ದ. ನಾನೇ ಕಣ್ಣಾರೆ ಕಂಡೆ. ಆಮ್ಯಾಕೆ ಬಾಲಕ್ಕೆ ಬೆಂಕಿ ಬಿದ್ದಂಗೆ ನನ್ನ ದಾಟ್ಕಂಡು ಬಂದ!”

ವೇದಿಕೆಯ ಮೇಲೆ ಬಹುಮಾನದ ಹೊಸ ಸೈಕಲ್ಲು, ಸುತ್ತಿದ ಕಂದು ಕಾಗದವನ್ನೂ ಬಿಚ್ಚದೆ ನಿಂತಿತ್ತು. ಬಾಡಿಗೆ ಸೈಕಲ್ಲಿನಲ್ಲಿ ಹಳ್ಳಿಹಳ್ಳಿಗೆ ಬನ್ನು ಮಾರುವ ಖಲೀಲುಲ್ಲಾ ತಿಂಗಳಿಂದ ಅದನ್ನು ಕನಸಿನಲ್ಲಿ ತುಳಿಯುತ್ತಿದ್ದ. ಈಗ ಅದರ ಕಡೆಗೂ ನೋಡಲಿಲ್ಲ, ಜನರ ಕಡೆಗೂ ನೋಡಲಿಲ್ಲ.

“ಸೀಸೆ ಇದ್ದದ್ದು ನಿಜವೇನ್ಲಾ?” ಎಂದು ಕೇಳಿದವನು ಅವನನ್ನು ಹೊತ್ತು ಕುಣಿದಿದ್ದ ದನದ ದಲ್ಲಾಳಿ ಸಣ್ಣರಂಗಯ್ಯ. ಈ ಹುಡುಗನೇ ಗೆಲ್ಲುತ್ತಾನೆ, ಸೋತರೆ ಮೀಸೆ ಬೋಳಿಸುತ್ತೇನೆ ಎಂದು ಸಂತೆಯಲ್ಲೆಲ್ಲ ಸಾರಿಕೊಂಡು ಬಂದವನು.

“ಇತ್ತು ರಂಗಣ್ಣ. ಪಂಕ್ಚರ್ ಆದ್ರೆ ಟ್ಯೂಬಿಗೆ ಹಾಕಿ ನೋಡಾಕೆ ಅಂತ ನೀರು ಇಟ್ಕಂಡಿದ್ದೆ.”

“ಪಂಕ್ಚರ್ ಆಯ್ತಾ?”

“ಇಲ್ಲ.”

“ಮತ್ತೆ ನೀರೆಲ್ಲೋಯ್ತು?”

ಖಲೀಲುಲ್ಲಾ ತಲೆ ತಿರುಗಿಸಿ ನೋಡಿದ. ಬೇಲಿಯ ಪಕ್ಕ, ಹೆಂಗಸರ ಮುಂದೆ ಅವನ ತಾಯಿ ಖಾಜಾಬಿ ನಿಂತಿದ್ದಳು. ಆ ವರ್ಷ ಯುಗಾದಿಯೂ ರಂಜಾನ್ ಉಪವಾಸದ ತಿಂಗಳೂ ಒಂದೇ ವಾರದಲ್ಲಿ ಬಂದಿದ್ದವು; ಪಂದ್ಯ ಯುಗಾದಿಯ ಲೆಕ್ಕದ್ದು, ಬಿಸಿಲು ಎರಡಕ್ಕೂ ಸೇರಿದ್ದು. ಬೆಳಗಿನಿಂದ ಆಕೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದು ಒಂದೇ ಮಾತು. ಈಗಲೂ ಅದನ್ನೇ ಕೂಗಿ ಹೇಳಿದಳು: “ಮದ್ದಂತೆ ಮದ್ದು! ನನ್ನ ಮಗ ರೋಜಾ ಇಟ್ಟವ್ನೆ. ಇವತ್ತಿಗೆ ಎಂಟನೇದು. ಸಂಜೆ ಮಸೀದೀಲಿ ಬಾಂಗ್ ಕೂಗೋಗಂಟ ಉಗುಳು ಸೈತ ನುಂಗಾಕಿಲ್ಲ ಅವ್ನು!” ಸಂಜೆ ಅವನ ಉಪವಾಸ ಬಿಡಿಸಲೆಂದು ತಂದ ಖರ್ಜೂರದ ಗಂಟು ಆಕೆಯ ಸೆರಗಿನ ತುದಿಯಲ್ಲಿತ್ತು.

“ಬಾಯ್ಮಾತು ಬ್ಯಾಡ, ಪರೀಕ್ಷೆ ಆಗ್ಲಿ,” ಎಂದ ಗಂಗಹನುಮಯ್ಯ.

ಪರೀಕ್ಷೆ ಮಾಡುವವರು ಯಾರು ಎಂದು ಕೇಳುವ ಮೊದಲೇ ಸಣ್ಣರಂಗಯ್ಯ ಅಂಗಿಯ ತೋಳು ಮಡಿಸಿದ. “ಜಾತ್ರೇಲಿ ಸಾರಾಯಿ ಕುಡ್ಸಿ ಮಾರಾಕ್ ತಂದ ಎತ್ತು ಯಾವ್ದು ಅಂತ ಈ ಸೀಮೇಲಿ ನನ್ನಂಗೆ ಹೇಳೋನು ಇನ್ನೊಬ್ನಿಲ್ಲ. ಹೆಂಗೆ ಅಂತೀರಾ? ಕುಡ್ಸಿದೋನೂ ನಾನೇ ಅಲ್ವಾ!” ಜನ ನಕ್ಕರು. ಅವನು ಖಲೀಲುಲ್ಲಾನ ಕೆಳರೆಪ್ಪೆ ಎಳೆದು ನೋಡಿದ; ಬಾಯಿ ಮೂಸಿದ; ಅಭ್ಯಾಸಬಲದಿಂದ ಹಲ್ಲನ್ನೂ ಎಣಿಸಿದ. “ಮ್ಯಾಲ್ಗಡೆ ಎಲ್ಲಾ ಸರೀಗೈತೆ. ಆದ್ರೂ ಕಣ್ಣು ಸುಳ್ಳು ಹೇಳ್ತದೆ, ಬಾಯಿ ಸುಳ್ಳು ಹೇಳ್ತದೆ. ಗಂಜಲ ಮಾತ್ರ ಸುಳ್ಳು ಹೇಳಾಕಿಲ್ಲ.” ಗಾಡಿಯ ಅಚ್ಚಿನ ಎಣ್ಣೆ ತುಂಬುವ ಖಾಲಿ ತಗಡಿನ ಡಬ್ಬವೊಂದನ್ನು ತರಿಸಿ ಅವನ ಕೈಗಿಟ್ಟ. “ವೇದಿಕೆ ಆಚೆ ಗೋಡೆ ಹಿಂದಕ್ಕೆ ನಡಿ.”

“ಬ್ಯಾಡ ರಂಗಣ್ಣ,” ಎಂದ ಖಲೀಲುಲ್ಲಾ ಮೆಲ್ಲಗೆ. ಕಾಲಿಗೆ ಕಾಲು ಹೆಣೆದು ನಿಂತಿದ್ದ.

“ಬ್ಯಾಡ ಅಂದ್ರೆ ಸೈಕಲ್ಲು ಗಂಗಹನುಮಯ್ಯನ ಪಾಲು.”

ಖಲೀಲುಲ್ಲಾ ಕಂದು ಕಾಗದದ ಸೈಕಲ್ಲನ್ನು ನೋಡಿದ. ತಾಯಿಯನ್ನು ನೋಡಿದ. “ಹೋಗು ಬೇಟಾ,” ಎಂದಳು ಖಾಜಾಬಿ, ಎದೆಯುಬ್ಬಿಸಿ. “ನಿಂಗ್ಯಾಕೆ ಭಯ? ಬೆಳಗಿಂದ ಹೊಟ್ಟೇಲಿ ಏನಾದ್ರೂ ಇದ್ರೆ ತಾನೆ ಬರೋದು!”

ಅವನು ಗೋಡೆಯ ಹಿಂದೆ ಹೋದ. ಮೈದಾನವೆಲ್ಲ ಕಿವಿಯಾಯಿತು. ಮೊದಲು ತಗಡಿನ ಮೇಲೆ ಟಣ್ ಎಂದು ಸಣ್ಣ ಸದ್ದು. ಆಮೇಲೆ ಅದು ನಿಲ್ಲಲೇ ಇಲ್ಲ. ಡಬ್ಬ ತುಂಬುತ್ತಾ ಬಂದಂತೆ ಸದ್ದು ದಪ್ಪಗಾಯಿತು. ಯಾರೋ ಒಬ್ಬ “ಕೆರೆ ಕೋಡಿ ಬಿತ್ತು ಕಣ್ಲಾ” ಎಂದ. ಬೇಲಿಯ ಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಖಾಜಾಬಿಯ ಕಡೆ ತಿರುಗಿದರು. ಆಕೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ಸಣ್ಣರಂಗಯ್ಯ ತುಂಬಿದ ಡಬ್ಬವನ್ನು ಅಭಿಷೇಕದ ಹಾಲಿನಂತೆ ಎರಡೂ ಕೈಯಲ್ಲಿ ಹಿಡಿದು ತಂದ. ಬಿಸಿಲಿಗೆ ಹಿಡಿದ, ಕಣ್ಣು ಮುಚ್ಚಿ ಮೂಸಿದ. ಆಮೇಲೆ ಶಿರಾ ಕೋಟೆಗೂ ಕೇಳುವಂತೆ ಸಾರಿದ: “ಸಾರಾಯಿ ಇಲ್ಲ! ಗಾಂಜಾ ಇಲ್ಲ! ಯಾವ ಮದ್ದೂ ಇಲ್ಲ! ಬೆಳಗಿಂದ ನೀರು ಕಾಣದ ದನ ಅರಿಸಿನದ ಬಣ್ಣಕ್ಕೆ ಹನಿ ಹನಿ ಹುಯ್ತದೆ. ಇದು ನೋಡ್ರಪ್ಪಾ, ಬಾವಿ ನೀರಿದ್ದಂಗೈತೆ! ಸೀಸೆ ಪೂರಾ ನೀರೇ ಕುಡ್ದವ್ನೆ ನಮ್ಮ ಹೈದ, ಅಪ್ಪಟ ನೀರು!”

ಹೋ ಎಂದು ಕೂಗೆದ್ದಿತು. ಗಂಗಹನುಮಯ್ಯ ಮುಖ ಹುಳ್ಳಗೆ ಮಾಡಿಕೊಂಡು ಸೈಕಲ್ ಎತ್ತಿಕೊಂಡ. ಜನ ಖಲೀಲುಲ್ಲಾನನ್ನು ಮತ್ತೆ ಹೆಗಲಿಗೇರಿಸಿದರು. ಅವನು ಮಾತ್ರ ಇಳಿಸಿ, ಇಳಿಸಿ ಎಂದು ಕಾಲು ಬಡಿಯುತ್ತಿದ್ದ. ಮೇಲಿನಿಂದ ಅವನಿಗೆ, ಗುಂಪನ್ನು ಸರಿಸಿಕೊಂಡು ಬರುತ್ತಿದ್ದ ತಾಯಿ ಚೆನ್ನಾಗಿ ಕಾಣುತ್ತಿದ್ದಳು.

ಆಕೆ ಮಗನ ಕಡೆ ತಲೆ ಎತ್ತಲಿಲ್ಲ. ನೇರ ಸಣ್ಣರಂಗಯ್ಯನ ಮುಂದೆ ಬಂದು ಕೈ ಚಾಚಿದಳು.

“ಆ ಡಬ್ಬ ತೊಳ್ದು ನನಗೆ ಕೊಡು ರಂಗಣ್ಣ. ಇನ್ನೂ ಇಪ್ಪತ್ತೆರಡು ರೋಜಾ ಅವೆ.”