ಎರಡು ಗುಂಡಿ

ಆಸ್ತಿ ಪಾಲಾದ ದಿನವೇ ಶಂಕ್ರೆಪ್ಪ ರಸ್ತೆ ಕಡೆಯ ಜಾಗ ತನ್ನದೆಂದು ಹಿಡಿದು ಕೂತ. ತಮ್ಮ ಫಕ್ಕೀರಪ್ಪ ಬಾಯಿ ತೆರೆಯುವ ಮೊದಲೇ ಹಿರಿಯರೆದುರು ನಗಾಡಿದ: "ನೀ ಹುಟ್ಟಿದ್ದ ನನ್ನ ಹಿಂದ. ಹಿತ್ತಲ ಜಾಗಾನ ನಿನಗ ಛಲೋ ಬಿಡು."

ತಮ್ಮ ಆ ಮಾತನ್ನು ಕಹಿ ಗುಳಿಗೆಯಂತೆ ನುಂಗಿದ.

ಮನೆ ಕಟ್ಟುವ ಗೌಂಡಿ ಮೊದಲು ಮಣ್ಣಿನ ಪರೀಕ್ಷೆ ಆಗಲಿ ಅಂದ. "ಎರಡೂ ಜಾಗದಾಗ ಒಂದೊಂದು ಗುಂಡಿ ತೋಡ್ರಿ. ತೆಗೆದ ಮಣ್ಣು ತಿರುಗಿ ಅದಕ್ಕ ತುಂಬ್ರಿ. ಮಿಕ್ಕರ ನೆಲ ಗಟ್ಟಿ, ಕಮ್ಮಿ ಬಿದ್ದರ ಪೊಳ್ಳು."

ಸಲಿಕೆ ಹಿಡಿಯುವುದು ಶಂಕ್ರೆಪ್ಪನ ಜಾತಕದಲ್ಲೇ ಇರಲಿಲ್ಲ. ಎರಡನ್ನೂ ತಮ್ಮನಿಗೇ ಒಪ್ಪಿಸಿ, ಗೌಂಡಿಯನ್ನು ಕರೆದುಕೊಂಡು ಚಹಾ ಕುಡಿಯಲು ಹೋದ.

ಬಂದು ನೋಡಿದರೆ ರಸ್ತೆ ಕಡೆಯ ಗುಂಡಿ ಇನ್ನೂ ಮೊಣಕಾಲಾಳ ಖಾಲಿ ಇತ್ತು. ಹಿತ್ತಲ ಗುಂಡಿಯೋ ತುಂಬಿ, ಮಣ್ಣು ಆನೆಯ ಬೆನ್ನಿನಂತೆ ಉಬ್ಬಿತ್ತು.

ಶಂಕ್ರೆಪ್ಪನ ಹೊಟ್ಟೆಗೆ ಕಿಚ್ಚು ಬಿತ್ತು. "ತಮ್ಮಾ, ಗಟ್ಟಿ ಜಾಗ ಹಿರ್ಯಾಗ ಸೇರಬೇಕು. ಅದಲಿ ಬದಲಿ ಮಾಡೂಣು."

"ಅಣ್ಣಾ, ಅದೊಂದಾದ್ರೂ ನನಗ ಬಿಡೋ."

"ಎದುರು ಮಾತಾಡಬ್ಯಾಡ."

ಅಂದೇ ಹಿರಿಯರ ಮುಂದೆ ಪಾಲು ಬದಲಾಯಿತು. ತಮ್ಮ ಕಣ್ಣೊರೆಸಿಕೊಂಡು ಹೋದ.

ಹಿತ್ತಲಲ್ಲಿ ಎದ್ದ ಶಂಕ್ರೆಪ್ಪನ ಮನೆ ಮೊದಲ ಮಳೆಗೇ ಕುಸಿಯತೊಡಗಿತು. ಗೋಡೆ ಎಷ್ಟು ಬಿರಿಯಿತೆಂದರೆ ಬೆಕ್ಕೊಂದು ಆ ಬಿರುಕಿನಲ್ಲೇ ಬಾಣಂತನ ಮಾಡಿಕೊಂಡಿತು. ರಸ್ತೆ ಕಡೆ ತಮ್ಮನ ಮನೆಗೆ ಒಂದು ಗೆರೆಯೂ ಬೀಳಲಿಲ್ಲ.

ಶಂಕ್ರೆಪ್ಪ ಅಲ್ಲಿಗೆ ಓಡಿ ಹೋದ. "ಅಷ್ಟು ಮಣ್ಣು ಮಿಕ್ಕಿತ್ತಲ್ಲೋ, ನೆಲ ಹ್ಯಾಂಗ ಪೊಳ್ಳಾತು?"

ತಮ್ಮ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಮಿಕ್ಕಿದ್ದು ಈ ರಸ್ತೆ ಕಡೀ ಗುಂಡೀ ಮಣ್ಣು, ಅಣ್ಣಾ."