ಶುಕ್ರವಾರದ ದೀಪ

“ದೇವಿಕಾ, ಲಗೂ ಆ ದೀಪ ಆರಸವಾ! ಗೇಟಿನಾಗ ನಿಂತ ಮಂದಿಗೆ ರೂಮ್ ಯಾವ್ದಂತ ಗೊತ್ತಾಗ್ತದ,” ಎಂದರು ಹಾಸ್ಟೆಲ್ ವಾರ್ಡನ್ ಪದ್ಮಶ್ರೀ, ಬಾಗಿಲಲ್ಲೇ ನಿಂತು.

ಎಲ್ಲಿಯದೋ ಯುದ್ಧದ ಸಿಟ್ಟನ್ನು ಆ ಮಂದಿ ವಿಶ್ವವಿದ್ಯಾಲಯದ ಒಬ್ಬಳೇ ಯಹೂದಿ ಹುಡುಗಿಯ ಮೇಲೆ ತೀರಿಸಿಕೊಳ್ಳಲು ಬಂದಿದ್ದರು. ಎಸ್ತರ್ ತನ್ನ ಎರಡು ದೀಪಗಳ ಮುಂದೆ ಅಲುಗಾಡದೆ ಕೂತಿದ್ದಳು. ಸಬ್ಬತ್ತಿಗೆಂದು ಶುಕ್ರವಾರ ಸಂಜೆ ಒಮ್ಮೆ ಹಚ್ಚಿದ ಮೇಲೆ, ಅವಳ ಧರ್ಮದ ಪ್ರಕಾರ ಅವಳು ಅವನ್ನು ಆರಿಸುವಂತಿರಲಿಲ್ಲ. ಅವಳ ಕೋಣೆಯ ಗೆಳತಿ ದೇವಿಕಾ ದೀಪದತ್ತ ಕೈ ಚಾಚಿದಳು. ಬೆಳವಣಕಿಯ ತನ್ನ ಮನೆಯಲ್ಲಿ ಈ ಹೊತ್ತಿನಲ್ಲಿ ದೀಪ ಆರಿಸುವ ಮಾತನ್ನೇ ಯಾರೂ ಆಡುತ್ತಿರಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಮುಸ್ಸಂಜಿ ದೀಪಾನ ಗಜೇಂದ್ರಗಡದಾಗ ನಿಮ್ಮ ಅವ್ವಾರು ಆರಸ್ತಿದ್ರೇನ್ರಿ, ಮೇಡಂ?”

ಪದ್ಮಶ್ರೀ ಹೊರಗಿದ್ದ ಕುರ್ಚಿಯನ್ನು ದರದರ ಎಳೆದು ತಂದು ಬಾಗಿಲಿಗೆ ಅಡ್ಡ ಹಾಕಿದರು. ದೀಪಕ್ಕೆ ಬೆನ್ನು ಕೊಟ್ಟು, ಮೆಟ್ಟಿಲ ಕಡೆ ಮುಖ ಮಾಡಿ ಕೂತರು.